ಉಪವಾಸ ಬಿಡುವ ಹೊತ್ತು

"ಇವತ್ತ ಉಪವಾಸ ಐತ್ರಿ ಟೀಚರ್" ಎಂದು ಯಾವ ಹುಡುಗಿಯಾದರೂ ಹೇಳಿದರೆ ನಾನು ಸುಮ್ಮನೆ ಮುಂದೆ ಹೋಗುವುದಿಲ್ಲ. "ಚೊಲೋ ಆತು. ಬಿಡೂದು ಎಷ್ಟೊತ್ತಿಗೆ? ಏನ್ ತಿಂದು ಬಿಡತಿ?" ಎಂದು ಕೇಳುತ್ತೇನೆ. ನಿಜವಾಗಿ ಉಪವಾಸ ಇದ್ದವಳ ಮುಖ ಈ ಪ್ರಶ್ನೆಗೆ ಅರಳುತ್ತದೆ. ಸಂಜೆಗೆ ಅವ್ವ ಸಾಬೂದಾನಿ ಖಿಚಡಿ ಮಾಡುತ್ತಾಳೆ, ಶೇಂಗಾ ಉಂಡಿ ಇದೆ, ಬಾಳೆಹಣ್ಣು ತಂದಿದ್ದಾರೆ ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತಾಳೆ. ನಮ್ಮ ಕಡೆಯ ಉಪವಾಸವೇ ಹಾಗೆ, ಉಂಡ ದಿನಕ್ಕಿಂತ ಉಪವಾಸದ ದಿನ ಹೊಟ್ಟೆ ಭಾರ. ಆದರೆ ಒಬ್ಬೊಬ್ಬಳು ಮಾತ್ರ ಆ ಪ್ರಶ್ನೆಗೆ ಕಣ್ಣು ತಪ್ಪಿಸುತ್ತಾಳೆ. "ನೋಡೂಣ್ರಿ" ಎನ್ನುತ್ತಾಳೆ. ಆ "ನೋಡೂಣ್ರಿ" ಕೇಳಿದರೆ ನನಗೆ ಮೈ ಉರಿಯುತ್ತದೆ. ಸಿಟ್ಟು ಹುಡುಗಿಯ ಮೇಲಲ್ಲ, ದಿನಾ ಅವಳ ಎದುರಿಗೇ ಕುಳಿತು ಏನನ್ನೂ ನೋಡದ ಮನೆಯವರ ಮೇಲೆ.

ಸವದತ್ತಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಹೋದ ಶ್ರಾವಣದಲ್ಲಿ ಒಬ್ಬ ಹುಡುಗಿಯ ತಾಯಿ ಸ್ಟಾಫ್ ರೂಮಿಗೇ ಬಂದು ನನ್ನ ಮೇಲೆ ಜಗಳ ತೆಗೆದರು.

"ಏನ್ರಿ ಟೀಚರ್, ಹುಡುಗಿ ದೇವರ ವ್ರತಾ ಹಿಡದೈತಿ. ನೀವ್ಯಾಕ ಬಿಡಸಾಕ ಹತ್ತೀರಿ?"

"ವ್ರತಾ ಬಿಡಸಾಕ ಹತ್ತಿಲ್ರಿ ಅಕ್ಕಾರ. ಸಂಜಿಗೆ ಆಕಿ ಉಪವಾಸ ಬಿಡೂ ಹೊತ್ತಿಗೆ ಮುಂದ ಕುಂತು ನೋಡ್ರಿ ಅಂತ ಹೇಳಾಕ ಹತ್ತೇನಿ. ಅಷ್ಟ."

ಅವರು ಸೆರಗು ಕೊಡವಿಕೊಂಡು ಹೋದರು. ಹೋಗುವಾಗ ಬಾಗಿಲಲ್ಲಿ ನಿಂತು, ಈ ಟೀಚರಿಗೆ ದೇವರು ದಿಂಡರು ಏನೂ ಇಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಹೇಳಲಿ. ದೇವರಿಲ್ಲದವಳು ಎನಿಸಿಕೊಳ್ಳಲು ನನಗೆ ಎಳ್ಳಷ್ಟೂ ಹೆದರಿಕೆಯಿಲ್ಲ. ದೇವಿ ಎನಿಸಿಕೊಂಡೇ ನಾನು ಸಾಯುವುದರಲ್ಲಿದ್ದೆ. ಅದನ್ನು ಇಲ್ಲಿ ಬರೆಯುತ್ತೇನೆ, ಓದಿದವರು ಬೇಕಾದರೆ ಸಿಟ್ಟಾಗಲಿ.

ನಮ್ಮ ಮನೆ ದೊಡವಾಡದಲ್ಲಿ. ಮುಂದೆ ಅಪ್ಪನ ದನದ ಹಿಂಡಿ ಮತ್ತು ಹೊಟ್ಟಿನ ಅಂಗಡಿ, ಹಿಂದೆ ನಾವು ಇರುವ ಮನೆ. ಅಪ್ಪ, ಅವ್ವ, ತಮ್ಮ, ನಾನು, ಮತ್ತು ಅಪ್ಪನ ತಾಯಿ. ಅಜ್ಜಿಯನ್ನು ನಾವು ಆಯಿ ಎನ್ನುತ್ತೇವೆ. ಮನೆಯ ಕೀಲಿ, ದೇವರ ಕೋಣೆ, ಯಾವ ಹಬ್ಬಕ್ಕೆ ಯಾರು ಏನು ಮಾಡಬೇಕು ಎಂಬ ಮಾತು ಎಲ್ಲವೂ ಆಯಿಯ ಕೈಯಲ್ಲಿ. ನಾನು ಬಸ್ಸಿಗೆ ಬೈಲಹೊಂಗಲಕ್ಕೆ ಹೋಗಿ ಪಿಯುಸಿ ಓದುತ್ತಿದ್ದೆ.

ಆ ವರ್ಷ ಚಿಕ್ಕಪ್ಪನ ಮಗಳ ಲಗ್ನವಾಯಿತು. ಲಗ್ನದ ಫೋಟೋಗಳು ಮನೆತನದ ವಾಟ್ಸಾಪ್ ಗುಂಪಿಗೆ ಬಂದವು. ಒಂದರಲ್ಲಿ ನಾನು ಮದುಮಗಳ ಪಕ್ಕ ಹಸಿರು ಸೀರೆಯಲ್ಲಿ ನಿಂತಿದ್ದೆ. ದೂರದ ಸಂಬಂಧಿಯೊಬ್ಬರು ಅದರ ಕೆಳಗೆ, "ಈ ಹುಡುಗಿ ಮನ್ಯಾಗಿನ ತುಪ್ಪಾ ಪೂರಾ ಖಾಲಿ ಮಾಡ್ಯಾಳ ನೋಡ್ರಿ" ಎಂದು ಬರೆದರು. ಅದರ ಕೆಳಗೆ ನಗುವ ಮುಖಗಳ ಸಾಲು. ಅದರಲ್ಲಿ ಒಂದು ನಮ್ಮಪ್ಪನದು.

ಆ ಒಂದು ಮಾತಿನಿಂದ ನನಗೆ ಬ್ಯಾನಿ, ಅಂದರೆ ಈ ಉಣ್ಣದ ಕಾಯಿಲೆ, ಬಂತು ಎಂದು ನಾನು ಹೇಳುವುದಿಲ್ಲ. ಚೇಷ್ಟೆ ನಮ್ಮಲ್ಲಿ ಯಾರಿಗೆ ತಪ್ಪಿದೆ? ನನ್ನ ಜೊತೆ ನಿಂತಿದ್ದ ಇನ್ನೊಬ್ಬಳಿಗೂ ಅಂಥದೇ ಮಾತು ಬಿತ್ತು, ಅವಳು ಬೈದು ಮರೆತಳು. ನಾನು ಮರೆಯಲಿಲ್ಲ. ನನ್ನೊಳಗೆ ಆಗಲೇ ಏನೋ ಕಾಯುತ್ತ ಕುಳಿತಿತ್ತು, ಆ ಮಾತು ಅದಕ್ಕೆ ಬಾಗಿಲು ತೆಗೆದುಕೊಟ್ಟಿತು. ಮುಂದಿನ ಸೋಮವಾರ ನಾನು ಉಪವಾಸ ಹಿಡಿದೆ.

ಡಯಟ್ ಎಂದಿದ್ದರೆ ಆಯಿ ಬೈದು ಎರಡು ರೊಟ್ಟಿ ಹೆಚ್ಚಿಗೆ ಹಾಕುತ್ತಿದ್ದಳು. ಉಪವಾಸ ಎಂದದ್ದಕ್ಕೆ ತಲೆ ಸವರಿದಳು. ಸೋಮವಾರ ಆಯಿತು, ಗುರುವಾರ ಸೇರಿತು, ಶುಕ್ರವಾರ ದೇವಿಯ ವಾರ, ನಡುವೆ ಸಂಕಷ್ಟಿ, ಏಕಾದಶಿ. ನಮ್ಮ ಪಂಚಾಂಗದಲ್ಲಿ ಉಪವಾಸಕ್ಕೇನು ಬರವೇ? ಹುಡುಕಿದವರಿಗೆ ದಿನಾ ಒಂದು ಸಿಗುತ್ತದೆ. ಊರಿನ ಹೆಂಗಸರು ತಮ್ಮ ಮಕ್ಕಳಿಗೆ ನನ್ನನ್ನು ತೋರಿಸಿ, "ಆಕಿನ್ನ ನೋಡಿ ಕಲೀರಿ, ಮೊಬೈಲ್ ಹಿಡಕೊಂಡ ಕುಂಡ್ರತೀರಿ" ಎಂದು ಹೇಳುತ್ತಿದ್ದರು.

ಈ ಬ್ಯಾನಿಯ ಲಕ್ಷಣ ಗುರುತಿಸುವುದು ಹೇಗೆ ಎಂದು ಈಗ ಜನ ಕೇಳುತ್ತಾರೆ. ನಮ್ಮ ಮನೆಯಲ್ಲಿ ಲಕ್ಷಣಗಳು ಅಡಗಿ ಕುಳಿತಿರಲಿಲ್ಲ. ನಡುಮನೆಯಲ್ಲಿಯೇ ಓಡಾಡುತ್ತಿದ್ದವು. ಆದರೆ ಒಂದೊಂದಕ್ಕೂ ಮನೆಯವರು ಒಂದೊಂದು ಒಳ್ಳೆಯ ಹೆಸರು ಇಟ್ಟಿದ್ದರು. ಕೆನ್ನೆ ಒಳಗೆ ಹೋಯಿತು. ಮುಖದಲ್ಲಿ ಕಳೆ ಬಂದಿದೆ ಎಂದರು. ಬಳೆಗಳು ಮೊಣಕೈವರೆಗೆ ಸರಿಯತೊಡಗಿದವು. ಹುಡುಗಿಯ ಕೈ ನಾಜೂಕು ಎಂದರು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ನಾನು ಸ್ವೆಟರ್ ಹಾಕಿಕೊಂಡು ಬಸ್ಸಿಗೆ ಕಾಯುತ್ತಿದ್ದೆ. ಮೈ ತುಂಬ ಮುಚ್ಚಿಕೊಂಡು ಹೋಗುವ ಮರ್ಯಾದೆಯ ಹುಡುಗಿ ಎಂದರು. ಹಣಿಗೆಯಲ್ಲಿ ಕೂದಲು ಗೊಂಚಲು ಗೊಂಚಲಾಗಿ ಬಂದಾಗ ಮಾತ್ರ ಯಾರಿಗೂ ಹೆಸರು ಹೊಳೆಯಲಿಲ್ಲ, ಬೈಲಹೊಂಗಲದ ನೀರು ಸರಿಯಿಲ್ಲ ಎಂದು ನೀರನ್ನು ಬೈದರು.

ಅಡಿಗೆಯನ್ನು ಮನೆಯಲ್ಲಿ ನಾನೇ ಮಾಡತೊಡಗಿದ್ದೆ. ಇದು ಎಲ್ಲರಿಗೂ ವಿಚಿತ್ರವಾಗಿ ಕಾಣಬೇಕಾದ ಸಂಗತಿ. ಉಣ್ಣದವಳಿಗೆ ಒಲೆಯ ಮುಂದೆ ಏನು ಕೆಲಸ? ಆದರೆ ನನಗೆ ಊಟವಲ್ಲದೆ ಬೇರೆ ಯೋಚನೆಯೇ ಇರಲಿಲ್ಲ. ಹಸಿವು ಇರಲಿಲ್ಲವೆಂದು ತಿಳಿಯಬೇಡಿ. ಪಾಠ ಕೇಳುವಾಗ, ಬಸ್ಸಿನಲ್ಲಿ ನಿಂತಾಗ, ಕನಸಿನಲ್ಲಿ ಕೂಡ ಝುಣಕ, ಎಣಗಾಯಿ, ಬಿಸಿ ರೊಟ್ಟಿಯ ಮೇಲೆ ಕರಗುವ ಬೆಣ್ಣೆ. ಖಿಚಡಿ ಮಾಡಿ ಎಲ್ಲರ ತಾಟಿಗೂ ಬಡಿಸುತ್ತಿದ್ದೆ, "ಇನ್ನಷ್ಟು ಹಾಕ್ಕೋರಿ" ಎಂದು ಬಲವಂತ ಮಾಡುತ್ತಿದ್ದೆ, ಅವರು ಅಗಿಯುವುದನ್ನು ನೋಡುತ್ತ ನಿಲ್ಲುತ್ತಿದ್ದೆ. "ಲಗ್ನ ಆದ್ರ ಗಂಡನ ಮನಿಯವರು ಪುಣ್ಯಾ ಮಾಡಿರಬೇಕು" ಎಂದು ಆಯಿ ಬಾಯಿ ತುಂಬ ಹೊಗಳುತ್ತಿದ್ದಳು.

ನನ್ನನ್ನು ಎಲ್ಲಕ್ಕಿಂತ ಚೆನ್ನಾಗಿ ಮುಚ್ಚಿಟ್ಟದ್ದು ನಮ್ಮ ಪಂಕ್ತಿಯ ಪದ್ಧತಿ. ಮೊದಲು ಗಂಡಸರು, ಆಮೇಲೆ ಆಯಿ, ಉಳಿದ ಹೆಂಗಸರು ಕೊನೆಗೆ. ಅವ್ವ ಎಮ್ಮೆ ಹಿಂಡಿ ಬರುವ ಅವಸರದಲ್ಲಿ ಒಲೆಯ ಪಕ್ಕ ನಾಲ್ಕು ತುತ್ತು ಉಂಡು ಏಳುತ್ತಿದ್ದಳು. ಅವಳಾದ ಮೇಲೆ ನಾನು. ಕೊನೆಯಲ್ಲಿ ಉಣ್ಣುವ ಹೆಣ್ಣುಮಗಳ ತಾಟಿನಲ್ಲಿ ಏನಿತ್ತು ಎಂದು ನೋಡುವ ರೂಢಿ ನಮ್ಮಲ್ಲಿ ಯಾರ ಮನೆಯಲ್ಲಿಯೂ ಇಲ್ಲ. ನನ್ನ ಪಾಲಿನ ರೊಟ್ಟಿ ಎಮ್ಮೆಯ ಬಾನಿಗೆ ಹೋಗುತ್ತಿತ್ತು. ಕೊನೆಗೆ ಉಣ್ಣುವುದು ದೊಡ್ಡ ಗುಣವೆಂದು ಹೇಳಿಕೊಟ್ಟವರು ಇದನ್ನೂ ಒಮ್ಮೆ ಯೋಚಿಸಲಿ.

ಅಂಗಡಿಯಲ್ಲಿ ಹಿಂಡಿಯ ಚೀಲ ತೂಗುವ ಕಾಟಾ ಇತ್ತು. ಅಪ್ಪ ಸಂತೆಗೆ ಹೋದಾಗಲೆಲ್ಲ ನಾನು ಅದರ ಮೇಲೆ ನಿಲ್ಲುತ್ತಿದ್ದೆ. ಒಂದು ಸಲ ಅಪ್ಪ ನೋಡಿದ. ಬೈಯಲಿಲ್ಲ, ನಕ್ಕ. "ಹಿಂಡಿ ಚೀಲಕ್ಕಿಂತ ಹಗುರ ಆಗಿಯಲ್ಲವಾ" ಎಂದು ಅಂಗಡಿಗೆ ಬಂದ ಗಿರಾಕಿಗಳಿಗೂ ಹೇಳಿದ. ಅವರೂ ನಕ್ಕರು. ನನಗೆ ಆ ದಿನ ಎಷ್ಟು ಖುಷಿಯಾಯಿತೆಂದರೆ, ಪರೀಕ್ಷೆಯಲ್ಲಿ ಮೊದಲ ನಂಬರು ಬಂದಾಗಲೂ ಅಷ್ಟು ಆಗಿರಲಿಲ್ಲ. ಈಗ ಅದನ್ನು ನೆನೆದರೆ ಅಪ್ಪನ ನಗುವಿಗಿಂತ ನನ್ನ ಆ ಖುಷಿಯೇ ಹೆಚ್ಚು ಭಯ ಹುಟ್ಟಿಸುತ್ತದೆ.

ಇನ್ನು ದೀಪದ ಮಾತು. ನವರಾತ್ರಿಯಲ್ಲಿ ನಮ್ಮ ಮನೆಯ ದೇವರ ಕೋಣೆಯಲ್ಲಿ ಘಟ ಇಡುತ್ತಾರೆ. ಮಣ್ಣಿನ ಗಡಿಗೆ, ಸುತ್ತ ಮಣ್ಣಿನಲ್ಲಿ ಬಿತ್ತಿದ ಕಾಳಿನ ಸಸಿ, ಪಕ್ಕದಲ್ಲಿ ಹಬ್ಬ ಮುಗಿಯುವವರೆಗೆ ಆರಬಾರದ ದೀಪ. ಆ ದೀಪಕ್ಕೆ ಎಣ್ಣೆ ಹಾಕುವವಳು ನಡುವೆ ಹೊರಗಾಗಬಾರದು. ಹೊರಗಾಗುವುದು ಎಂದರೆ ಮುಟ್ಟು. ಊರಿನ ಬಹಳ ಮನೆಗಳಲ್ಲಿ ಆ ದಿನಗಳಲ್ಲಿ ಹೆಂಗಸರನ್ನು ಬೇರೆ ಕೂರಿಸುವುದನ್ನು ಬಿಟ್ಟಿದ್ದರು, ನಮ್ಮ ಮನೆಯಲ್ಲಿ ಆಯಿ ಬಿಟ್ಟಿರಲಿಲ್ಲ. ಹಿತ್ತಲ ಬಾಗಿಲ ಬಳಿ ಒಂದು ಚಾಪೆ, ಒಂದು ತಾಟು, ಒಂದು ನೀರಿನ ಚರಿಗೆ, ಮೂರು ದಿನ ಅಲ್ಲಿಯೇ. ಆಯಿಯ ಕೈ ನಡುಗತೊಡಗಿದ ಮೇಲೆ ದೀಪದ ಕೆಲಸ ಯಾರಿಗೆ ಎಂಬ ಪ್ರಶ್ನೆ ಬಂತು. ಇಷ್ಟು ಭಕ್ತಿ ಇದ್ದವಳು ನಾನಲ್ಲದೆ ಇನ್ನಾರು?

ಆ ಮೊದಲ ನವರಾತ್ರಿಯಲ್ಲಿ ನನಗೆ ಮುಟ್ಟು ಬರುವ ದಿನಗಳು ಹಬ್ಬದ ನಡುವೆಯೇ ಬೀಳುತ್ತಿದ್ದವು. ಅಡಚಣೆಯಾದರೆ ಇರಲಿ ಎಂದು ಪಕ್ಕದ ಮನೆಯ ಮುದುಕಿಗೆ ಹೇಳಿಯೂ ಇಟ್ಟಿದ್ದರು. ಮುಟ್ಟು ಬರಲಿಲ್ಲ. "ದೇವಿ ತಡದಾಳ" ಎಂದು ಆಯಿ ಘಟಕ್ಕೆ ಕೈ ಮುಗಿದಳು. ಮುಂದಿನ ತಿಂಗಳೂ ಬರಲಿಲ್ಲ, ಅದರ ಮುಂದಿನ ತಿಂಗಳೂ ಬರಲಿಲ್ಲ. ಹಿತ್ತಲ ಚಾಪೆಯ ಮೇಲೆ ನಾನು ಕೂರುವುದೇ ನಿಂತಿತು. ಆಯಿ ಅದನ್ನು ಗುಟ್ಟಾಗಿ ಇಡಲಿಲ್ಲ. ಹಪ್ಪಳ ಮಾಡಲು ಬಂದ ಹೆಂಗಸರ ಮುಂದೆ, "ದೀಪಾ ಮುಟ್ಟಿದ ಕೈ ಅದು. ದೇವಿ ಆಕಿನ್ನ ತನ್ನ ಮಡ್ಯಾಗ ಇಟ್ಕೊಂಡಾಳ" ಎಂದಳು. ಅವರಲ್ಲಿ ಒಬ್ಬಳು ಎದ್ದು ಬಂದು ನನ್ನ ಕಾಲು ಮುಟ್ಟಿದಳು. ನನಗಿಂತ ಮೂರು ಪಟ್ಟು ವಯಸ್ಸಿನವಳು. ಸುತ್ತ ಇದ್ದವರೆಲ್ಲ ಮಕ್ಕಳನ್ನು ಹೆತ್ತ ಹೆಂಗಸರು, ಹುಡುಗಿಯೊಬ್ಬಳ ಮುಟ್ಟು ನಿಂತರೆ ಏನೇನು ಆಗಿರಬಹುದು ಎಂದು ತಿಳಿದವರು. ಅದನ್ನೆಲ್ಲ ಬದಿಗಿಟ್ಟು ನನ್ನ ಕಾಲಿಗೆ ಬಿದ್ದರು.

ಅವ್ವ ಮಾತ್ರ ಒಮ್ಮೆ, ಬೈಲಹೊಂಗಲದಲ್ಲಿ ಡಾಕ್ಟರಿಗೆ ತೋರಿಸೋಣ ಎಂದಳು.

"ಲಗ್ನ ಆಗದ ಹುಡುಗಿನ್ನ ಅಂಥಾದ್ದಕ್ಕ ದವಾಖಾನಿಗೆ ಕರಕೊಂಡ ಹೋದ್ರ ಮಂದಿ ಏನಂದಾರು?" ಎಂದಳು ಆಯಿ.

ಅಪ್ಪ ಅಂಗಡಿಯ ಕಡೆ ನಡೆದ. ಅವ್ವ ನನ್ನನ್ನು ಕೇಳಿದಳು. "ನಂಗೇನ್ ಆಗೇತಿ? ಆರಾಮ್ ಅದೇನಿ" ಎಂದೆ. ಅದು ನಾನು ಆಡಿದ ಮಾತೋ, ನನ್ನೊಳಗೆ ಸೇರಿಕೊಂಡಿದ್ದ ಬ್ಯಾನಿ ಆಡಿದ ಮಾತೋ ಇಂದಿಗೂ ಹೇಳಲಾರೆ.

ಮರುವರ್ಷದ ನವರಾತ್ರಿ ಬರುವ ಹೊತ್ತಿಗೆ ನಾನು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುವಂತಾಗಿದ್ದೆ. ಆದರೂ ಎಣ್ಣೆಯ ಗಿಂಡಿ ನನ್ನ ಕೈಯಲ್ಲಿ. ಹಬ್ಬ ಮುಗಿಯುವವರೆಗೆ ಫಳಾರವೂ ಬೇಡ, ಬರೀ ನೀರಿನ ಮೇಲೆ ಇರುತ್ತೇನೆ ಎಂದೆ. ಬೇಡ ಎನ್ನಲು ಒಬ್ಬರಿಗೂ ಬಾಯಿ ಬರಲಿಲ್ಲ. ಓಣಿಯ ಹೆಂಗಸರು ಸಂಜೆಯ ಆರತಿಗೆ ಬರುವಾಗ ದೇವಿಗೊಂದು ಕಾಯಿ, ನನಗೊಂದು ಹೂವಿನ ಮಾಲೆ ತರತೊಡಗಿದರು.

ಅಷ್ಟಮಿಯ ಸಂಜೆ ಕೋಣೆ ತುಂಬ ಜನ. ಅಡಿಗೆಮನೆಯಿಂದ ಹೂರಣ ಬೇಯುವ ವಾಸನೆ ಬರುತ್ತಿತ್ತು. ಆರತಿಗೆ ಮೊದಲು ದೀಪಕ್ಕೆ ಎಣ್ಣೆ ಹಾಕಲು ಬಗ್ಗಿದೆ. ಕಣ್ಣು ಕತ್ತಲೆ ಬಂತು. ಗಿಂಡಿ ಬಿದ್ದ ಸದ್ದು ಕೇಳಿತು, ನಾನು ಬಿದ್ದದ್ದು ಗೊತ್ತಾಗಲಿಲ್ಲ.

ಎಚ್ಚರ ಬಂದಾಗ ನೆಲದ ಮೇಲೆ ಇದ್ದೆ. ಕೈಕಾಲು ನಡುಗುತ್ತಿದ್ದವು. ಯಾರೋ "ಅಮ್ಮ ಬಂದಾಳ, ಮೈಯಾಗ ಅಮ್ಮ ಬಂದಾಳ" ಎನ್ನುತ್ತಿದ್ದರು. ಹಣೆಗೆ ಭಂಡಾರದ ಅರಿಶಿನ ಬಿತ್ತು, ಕುಂಕುಮ ಬಿತ್ತು, ಕಣ್ಣಿಗೂ ಬಿತ್ತು. ನೀರು ಕೊಡುವವರು ಒಬ್ಬರೂ ಇರಲಿಲ್ಲ. ಓಣಿಯ ತುದಿಯ ಮನೆಯ ಹೆಂಗಸೊಬ್ಬಳು ಮುಂದೆ ಬಂದು ಸೆರಗೊಡ್ಡಿ ಕುಳಿತಳು.

"ಮಗಳು ತವರಿಗೆ ಬಂದು ಕುಂತಾಳ ತಾಯಿ. ಅಳಿಯಾ ಬಂದು ಕರಕೊಂಡ ಹೋಗತಾನೇನವಾ? ಒಂದ್ ಮಾತು ಹೇಳು."

ನನ್ನ ಮೂಗಿಗೆ ಮತ್ತೆ ಹೂರಣದ ವಾಸನೆ ಬಂತು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಎರಡು ವರ್ಷದಿಂದ ಗಂಟಲಲ್ಲಿ ಒತ್ತಿ ಹಿಡಿದಿದ್ದ ಮಾತು ತಾನಾಗಿ ಹೊರಗೆ ಬಂತು.

"ನಂಗ ಹಸಿವಿ ಆಗೇತಿ" ಎಂದೆ.

ಆಯಿ ಗಲ್ಲ ಗಲ್ಲ ಬಡಿದುಕೊಂಡು ಅತ್ತಳು. "ತಾಯಿಗೆ ಹಸಿವಿ ಆಗೇತಂತ. ಲಗೂ ನೈವೇದ್ಯ ತರ್ರಿ." ಓಡಾಟ ಶುರುವಾಯಿತು. ಹೋಳಿಗೆ, ಕಡಬು, ಅನ್ನ, ಸಾರು, ತುಪ್ಪ ತುಂಬಿದ ತಾಟು ಬಂತು. ಅದನ್ನು ಘಟದ ಮುಂದೆ ಇಟ್ಟು, ಸುತ್ತ ನೀರು ಬಿಟ್ಟು, ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿದರು. ತಾಟಿಗೂ ನನಗೂ ನಡುವೆ ಒಂದು ಮೊಳ ಅಂತರವಿತ್ತು. ನಾನು ಬಾಯಿ ಬಿಟ್ಟು ಅನ್ನ ಕೇಳಿದ್ದೆ, ಅವರು ಗಡಿಗೆಗೆ ಬಡಿಸಿದರು.

ಕಣ್ಣು ಮುಚ್ಚದವಳು ಅವ್ವ ಒಬ್ಬಳೇ. ಹಿಟ್ಟಿನ ಕೈಯಲ್ಲಿಯೇ ಬಾಗಿಲಲ್ಲಿ ನಿಂತಿದ್ದಳು. ಜನರನ್ನು ಸರಿಸಿಕೊಂಡು ಬಂದು ಆ ತಾಟನ್ನು ಎತ್ತಿದಳು.

"ಏ, ದೇವಿಗೆ ನೈವೇದ್ಯ ಇನ್ನ ತೋರಿಸಿಲ್ಲ" ಎಂದಳು ಆಯಿ.

"ದೇವಿ ದನಿ ಹ್ಯಾಂಗಿರತೈತಿ ನಂಗ ಗೊತ್ತಿಲ್ರಿ ಅತ್ತಿ. ಈಗ ಕೇಳಿದ್ದು ನನ್ನ ಮಗಳ ದನಿ."

ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅನ್ನದ ತುತ್ತನ್ನು ಬಾಯಿಗೆ ಹಿಡಿದಳು. ಕಥೆಯಾಗಿದ್ದರೆ ನಾನು ಅದನ್ನು ಉಣ್ಣಬೇಕಿತ್ತು. ಉಣ್ಣಲಿಲ್ಲ. ತುಟಿ ಬಿಗಿದು ಮುಖ ತಿರುಗಿಸಿದೆ. ಹಸಿವೆ ಎಂದವಳೂ ನಾನೇ, ಬಾಯಿ ಬಿಗಿದವಳೂ ನಾನೇ. ಅವ್ವ ತುತ್ತನ್ನು ತಾಟಿಗೆ ಹಾಕಿ ನನ್ನ ಸ್ವೆಟರಿನ ತೋಳನ್ನು ಮೇಲೆ ಸರಿಸಿದಳು. ಕೋಣೆಯಲ್ಲಿದ್ದವರೆಲ್ಲ ನನ್ನ ತೋಳನ್ನು ನೋಡಿದರು. ಅದರ ಮೇಲೆ ಎಳೆಕೂಸಿನ ಮೈಮೇಲಿನಂತೆ ನವಿರು ಕೂದಲು ಬೆಳೆದಿತ್ತು, ಕೆಳಗೆ ಎಲುಬು. ಅವ್ವ ತೋಳನ್ನು ಹಾಗೆಯೇ ಎಲ್ಲರಿಗೂ ಕಾಣುವಂತೆ ಹಿಡಿದು ಕುಳಿತಳು. ಹೆಂಗಸರು ಆರತಿಗೆ ನಿಲ್ಲದೆ ಒಬ್ಬೊಬ್ಬರಾಗಿ ಎದ್ದು ಹೋದರು. ಅಳಿಯನ ಮಾತು ಕೇಳಿದವಳು ಹೋಗುವಾಗ ನನಗೆ ಒಂದು ಲೋಟ ನೀರು ಕುಡಿಸಿದಳು, ಅದನ್ನು ಇಲ್ಲಿ ಹೇಳಲೇಬೇಕು.

ಮರುದಿನ ಬೆಳಿಗ್ಗೆ ಅವ್ವ ಒಂದು ಚೀಲದಲ್ಲಿ ಬಟ್ಟೆ ತುಂಬಿ ನನ್ನನ್ನು ಎಬ್ಬಿಸಿದಳು. ಆಯಿ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಹಬ್ಬ ಮುಗದಿಲ್ಲ. ದೀಪಾ ನಡಬರಕ ಬಿಟ್ಟು ಎಲ್ಲಿಗೆ ಕರಕೊಂಡ ಹೊಂಟಿ?"

"ದೀಪಕ್ಕ ಎಣ್ಣಿ ನೀವ ಹಾಕ್ರಿ ಅತ್ತಿ. ನನ್ನ ಮಗಳಿಗೆ ಅನ್ನ ಹಾಕೂದು ನಂದು ಐತಿ."

ಹಿಂದಿನ ಸಂಜೆಯವರೆಗೆ ಅವ್ವ ಆಯಿಗೆ ಎದುರಾಡಿದ್ದನ್ನು ನಾನು ಕಂಡಿರಲಿಲ್ಲ. ಆಯಿಯೂ ಕಂಡಿರಲಿಲ್ಲ, ಅದಕ್ಕೇ ದಾರಿ ಬಿಟ್ಟಳು. ಅಪ್ಪ ಬಸ್ಸಿನವರೆಗೆ ಚೀಲ ಹೊತ್ತು ತಂದ. ನಾವು ಧಾರವಾಡದ ಬಸ್ಸು ಹತ್ತಿದೆವು.

ಧಾರವಾಡದ ಡಾಕ್ಟರಬಾಯಿಯವರು ನನ್ನ ನಾಡಿ ಹಿಡಿದರು, ನಾಲಿಗೆ ನೋಡಿದರು, ರಕ್ತ ತೆಗೆಸಿದರು. ಮುಟ್ಟು ಯಾವಾಗ ನಿಂತಿತು ಎಂದು ಕೇಳಿದರು. ಅವ್ವ ತಲೆ ತಗ್ಗಿಸಿ, "ದೇವಿ ನಿಲ್ಲಿಸ್ಯಾಳ ಅಂತ ಮನ್ಯಾಗ ಅಂದಾರ್ರಿ" ಎಂದಳು. ಡಾಕ್ಟರು ನಗಲಿಲ್ಲ.

"ಹೊಟ್ಟಿಗೆ ಬೀಳದಿದ್ರ ಮೈ ಅದನ್ನ ಬಂದ್ ಮಾಡತೈತ್ರಿ. ಆಮ್ಯಾಲೆ ಒಂದೊಂದ ಬಂದ್ ಮಾಡಕೋಂತ ಹೋಗತೈತಿ. ಎದಿ ಬಡಿತ ಭಾಳ ಸಾವಕಾಶ ಆಗೇತಿ. ಇನ್ನ ಸ್ವಲ್ಪ ದಿನಾ ಬಿಟ್ಟಿದ್ರ ಇಲ್ಲಿತನಾ ಬರ್ತಿದ್ದಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಇದು ನಿನ್ನ ಹಟಾ ಅಲ್ಲ, ಸೊಕ್ಕೂ ಅಲ್ಲ. ಬ್ಯಾನಿ. ಬ್ಯಾನಿಗೆ ಔಷಧ ಐತಿ" ಎಂದರು.

ಬ್ಯಾನಿಗೆ ಒಂದು ಇಂಗ್ಲಿಷ್ ಹೆಸರನ್ನೂ ಹೇಳಿದರು. ಅವ್ವನ ನಾಲಿಗೆಗೆ ಅದು ಹೊಂದಲಿಲ್ಲ. "ಉಣ್ಣಲಾರದ ಬ್ಯಾನಿ" ಎಂದಳು. ನನಗೆ ಈಗಲೂ ಆ ಹೆಸರೇ ಸರಿ ಎನಿಸುತ್ತದೆ. ಕೆಲವು ದಿನ ಆಸ್ಪತ್ರೆಯಲ್ಲಿಯೇ ಇಟ್ಟುಕೊಂಡರು. ಬಹಳ ದಿನ ಖಾಲಿ ಇದ್ದ ಮೈಗೆ ಒಮ್ಮೆಲೇ ಉಣಿಸಿದರೆ ಅದೂ ಅಪಾಯವಂತೆ, ಆದ್ದರಿಂದ ಸ್ವಲ್ಪ ಸ್ವಲ್ಪ ಕೊಟ್ಟರು. ಬಿಡುಗಡೆ ಮಾಡುವಾಗ ಅವ್ವನಿಗೆ ಹೇಳಿದ್ದು ಇಷ್ಟು: ಹೊತ್ತಿಗೆ ಸರಿಯಾಗಿ ಊಟ, ಎದುರಿಗೆ ಕುಳಿತು ಊಟ, ತಿಂಗಳಿಗೊಮ್ಮೆ ಕರೆದುಕೊಂಡು ಬಂದು ತಮ್ಮ ಹತ್ತಿರ ಮಾತಾಡಿಸುವುದು. ಊಟದ ಹೊತ್ತಿನಲ್ಲಿ ದಪ್ಪ ಸಣ್ಣ ಎಂಬ ಮಾತು ಯಾರ ಬಾಯಲ್ಲಿಯೂ ಬರಕೂಡದು.

ಅವ್ವ ದೊಡವಾಡಕ್ಕೆ ಹೋಗಲಿಲ್ಲ. ನನ್ನನ್ನು ತನ್ನ ತವರು ಸುರೇಬಾನಕ್ಕೆ ಕರೆದೊಯ್ದಳು. ಅಲ್ಲಿ ನನ್ನ ಸೋದರಮಾವನ ಮನೆ. ಮೊದಲ ದಿನವೇ ಮಾವ ಹೊಲದಿಂದ ಬಂದು ಉಣ್ಣಲು ಕೂರುವಾಗ ಅವ್ವ ನನ್ನ ಕೈ ಹಿಡಿದು ಅವನ ಪಕ್ಕ ಕೂರಿಸಿ, ತಾನೂ ಕುಳಿತಳು. ಬಡಿಸಲು ಬಂದ ಮಾಮಿ ರೊಟ್ಟಿ ಕೈಯಲ್ಲಿ ಹಿಡಿದೇ ನಿಂತಳು.

"ಗಂಡಸರ ಕೂಡ ಉಣ್ಣಾಕ ಕುಂತ್ರೇನ್ರಿ ಅಕ್ಕಾರ?"

"ಹೂಂ. ಇನ್ನ ಮ್ಯಾಲ ಹಿಂಗ. ಆಕಿ ಉಣ್ಣೂದು ಎಲ್ಲಾರಿಗೂ ಕಾಣಬೇಕು."

ಮಾವ ತನ್ನ ತಾಟನ್ನು ಸ್ವಲ್ಪ ಸರಿಸಿ ಜಾಗ ಮಾಡಿದ. "ಕುಂತ್ರ ಏನಾಕೈತಿ? ನೀನೂ ಬಡಸಕೊಂಡು ಬಾ" ಎಂದು ಮಾಮಿಗೂ ಹೇಳಿದ. ಆ ಮನೆಯಲ್ಲಿ ಹೆಂಗಸರು ಆರಿದ ರೊಟ್ಟಿ ಉಣ್ಣುವುದು ಅಂದಿಗೆ ನಿಂತಿತು ಎಂದು ಮಾಮಿ ಈಗಲೂ ನಗುತ್ತ ಹೇಳುತ್ತಾಳೆ.

ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಊಟವೆಂದರೆ ಜಗಳ. ಅರ್ಧ ರೊಟ್ಟಿಗೆ ನಾನು ಸಂಜೆಯವರೆಗೆ ಕುಳಿತದ್ದಿದೆ. ನೀವೆಲ್ಲ ಸೇರಿ ನನ್ನನ್ನು ಹಂದಿ ಮಾಡುತ್ತಿದ್ದೀರಿ ಎಂದು ಕೂಗಾಡಿದ್ದಿದೆ. ಒಂದು ದಿನ ತಾಟನ್ನು ಎತ್ತಿ ಅಂಗಳಕ್ಕೆ ಎಸೆದೆ. ಅವ್ವ ಎದ್ದು ಹೋಗಿ ಇನ್ನೊಂದು ತಾಟು ತಂದಳು.

"ಅದನ್ನ ನಾಯಿ ತಿಂತೈತಿ. ಇದು ನಿಂದು."

"ನಾ ಉಣ್ಣೂದಿಲ್ಲ."

"ಕುಂತಿರತೇನಿ. ನಂಗ ಬ್ಯಾರೆ ಕೆಲಸ ಇಲ್ಲ."

ಅವಳಿಗೆ ಕೆಲಸವಿರಲಿಲ್ಲವೇ? ದೊಡವಾಡದಲ್ಲಿ ಎಮ್ಮೆ, ಅಂಗಡಿ, ತಮ್ಮನ ಶಾಲೆ. ಗಂಡನ ಮನೆ ಬಿಟ್ಟು ಬಂದಿದ್ದಾಳೆ ಎಂದು ಎರಡೂ ಊರಲ್ಲಿ ಮಾತು. ಅದೆಲ್ಲವನ್ನೂ ಬದಿಗೆ ಒತ್ತಿ ಅವಳು ನನ್ನ ಎದುರಿಗೆ ಗೋಡೆಗೆ ಒರಗಿ ಕೂರುತ್ತಿದ್ದಳು. ಅವಳನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ತಿಂಗಳುಗಳು ಕಳೆದಂತೆ ಆ ಸಿಟ್ಟು ನಿಧಾನವಾಗಿ ದಿಕ್ಕು ಬದಲಿಸಿತು. ನನ್ನೊಳಗೆ ಕುಳಿತು ಉಣ್ಣಬೇಡ ಎನ್ನುವುದು ಯಾವುದು? ನನ್ನ ಕೂದಲು ತಿಂದಿತು, ಕಾಲೇಜಿನ ಒಂದು ವರ್ಷ ತಿಂದಿತು, ಗೆಳತಿಯರನ್ನು ತಿಂದಿತು, ತಾನು ಮಾತ್ರ ದಿನಾ ದಪ್ಪಗಾಗುತ್ತಿದೆ. ನಾನೇಕೆ ಅದರ ಮಾತು ಕೇಳಬೇಕು? ಹಾಗೆ ಅನಿಸಿದ ದಿನ ಬೇಗ ಉಂಡೆ. ಮರುದಿನ ಮತ್ತೆ ಅಳು, ಮತ್ತೆ ಜಗಳ. ಬ್ಯಾನಿ ಒಂದೇ ಏಟಿಗೆ ಬಿಟ್ಟು ಹೋಗಲಿಲ್ಲ, ಯಾರಾದರೂ ಹಾಗೆ ಹೇಳಿದರೆ ನಂಬಬೇಡಿ.

ಅಪ್ಪ ಸಂತೆಯ ದಿನ ಬಂದು ಹೋಗುತ್ತಿದ್ದ. ಒಮ್ಮೆ ಹೊರಡುವ ಹೊತ್ತಿಗೆ ಚಪ್ಪಲಿ ಮೆಟ್ಟಿಕೊಳ್ಳುತ್ತ, ಮುಖ ನೋಡದೆ, "ಕಾಟಾ ಗೋದಾಮಿನ್ಯಾಗ ಇಟ್ಟು ಕೀಲಿ ಹಾಕೇನಿ. ಮನಿಗೆ ಬಾರವಾ" ಎಂದ. ಆ ದಿನ ಅವನ ಧ್ವನಿಯಲ್ಲಿ ಚೇಷ್ಟೆ ಇರಲಿಲ್ಲ. ಅವನು ಹೋದ ಮೇಲೆ ನಾನು ಬಹಳ ಹೊತ್ತು ಅತ್ತೆ.

ಬೇಸಿಗೆ ಕಳೆದು ಮಳೆ ಬಿದ್ದ ಮೇಲೆ ನಾವು ದೊಡವಾಡಕ್ಕೆ ಮರಳಿದೆವು. ಆಯಿ ನನ್ನನ್ನು ಬಾಗಿಲಲ್ಲಿ ನೋಡಿ ಕೆನ್ನೆ ಮುಟ್ಟಿದಳು. ಅವಳು 'ಕಳೆ' ಎಂದೇನೂ ಹೇಳಲಿಲ್ಲ, ನನ್ನ ದೇವಿತನ ಹೋಯಿತೆಂದು ಅವಳಿಗೆ ಬೇಸರವಿತ್ತೋ ಏನೋ. ಅವಳು ನನ್ನನ್ನು ಪ್ರೀತಿಸುತ್ತಿದ್ದಳು, ಅದರಲ್ಲಿ ಸುಳ್ಳಿಲ್ಲ. ಆ ಪ್ರೀತಿಗೆ ಕಣ್ಣು ಮಾತ್ರ ಇರಲಿಲ್ಲ. ಅವ್ವ ಇಲ್ಲಿಯೂ ನನ್ನನ್ನು ಅಪ್ಪ ಮತ್ತು ತಮ್ಮನ ಸಾಲಿನಲ್ಲಿ ಕೂರಿಸಿದಳು. ಆಯಿ ಗೊಣಗುತ್ತ ಸಹಿಸಿಕೊಂಡಳು.

ಹೀಗಿರುವಾಗ ಒಂದು ಬೆಳಿಗ್ಗೆ ನನಗೆ ಮುಟ್ಟು ಬಂತು. ಬಚ್ಚಲಲ್ಲಿ ನಿಂತು ನಾನು ನಕ್ಕೆ. ಮೊದಲ ಸಲ ದೊಡ್ಡವಳಾದಾಗ ಹೆದರಿ ಅತ್ತವಳು ಈ ಸಲ ಬಾಯಿಗೆ ಕೈ ಹಿಡಿದು ನಕ್ಕೆ. ಅವ್ವನಿಗೆ ಹೇಳಿದೆ. ಅವಳು ನನ್ನನ್ನು ಅಪ್ಪಿಕೊಂಡು ಒಲೆಯ ಮುಂದೆಯೇ ಕುಳಿತುಬಿಟ್ಟಳು. ಎರಡು ವರ್ಷ ಬಾಗಿಲು ಹಾಕಿಕೊಂಡಿದ್ದ ಮೈ ತೆರೆದಿದೆ, ಇನ್ನು ನಾನು ಸಾಯುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಾಯಿತು.

ಮಾತು ಆಯಿಯ ಕಿವಿಗೂ ಬಿತ್ತು. ಮಧ್ಯಾಹ್ನ ಉಣ್ಣುವ ಹೊತ್ತಿಗೆ ಅವಳು ಹಿತ್ತಲ ಬಾಗಿಲ ಬಳಿ ಚಾಪೆ ಹಾಸಿ, ಬೇರೆ ತಾಟು, ಚರಿಗೆ ಇಟ್ಟಿದ್ದಳು. ಅಪ್ಪ, ತಮ್ಮ ನಡುಮನೆಯಲ್ಲಿ ಕುಳಿತಿದ್ದರು. ನಾನು ಚಾಪೆಯನ್ನು ದಾಟಿ ಬಂದು ಅಪ್ಪನ ಪಕ್ಕ ಕುಳಿತೆ.

"ಏಳು ಅಲ್ಲಿಂದ. ಹೊರಗಾಗಿ ಪಂಕ್ತ್ಯಾಗ ಕುಂಡ್ರತಾರೇನು?" ಎಂದಳು ಆಯಿ.

"ಆಯಿ, ಅದು ಬರದಿದ್ದಾಗ ನನ್ನ ಕಾಲು ಹಿಡಸಿದಿ. ಸಾಯಾಕ ಹತ್ತಿದ್ದೆ ನಾ, ದೇವಿ ಅಂದಿ. ಈಗ ಬದುಕೇನಿ, ಮೂಲ್ಯಾಗ ಕುಂಡ್ರು ಅಂತಿ. ನಾ ಏಳೂದಿಲ್ಲ. ಇಲ್ಲೇ ಉಣ್ಣತೇನಿ."

ತಮ್ಮ ತಲೆ ತಗ್ಗಿಸಿದ. ಅಪ್ಪನ ತುತ್ತು ಕೈಯಲ್ಲಿಯೇ ನಿಂತಿತ್ತು. ಆಯಿ ಅವನ ಮುಖ ನೋಡಿದಳು, ಅವನು ತುತ್ತನ್ನು ಬಾಯಿಗಿಟ್ಟುಕೊಂಡ. ಅವ್ವ ನನ್ನ ತಾಟಿಗೆ ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಲೆ, ಮೊಸರು ಹಾಕಿ ನನ್ನ ಇನ್ನೊಂದು ಪಕ್ಕ ಕುಳಿತಳು. ಆಯಿ ಗೋಡೆ ಹಿಡಿದು ಮಂಚದ ಮೇಲೆ ಕುಳಿತಳು, ಎದ್ದು ಹೋಗಲಿಲ್ಲ.

ಎಲ್ಲರೂ ನೋಡುತ್ತಿದ್ದಂತೆ ನಾನು ಆ ರೊಟ್ಟಿಯನ್ನು ಪೂರ್ತಿ ಉಂಡೆ. ಹೊಟ್ಟೆಯಲ್ಲಿ ಇನ್ನೂ ಹಸಿವೆ ಇತ್ತು. ಒಳಗಿನದು ಸಾಕು ಎಂದಿತು, ನಾನು ಕೇಳಲಿಲ್ಲ. ನಡುವೆ ಇದ್ದ ಎಲ್ಲರ ರೊಟ್ಟಿಯ ಬುಟ್ಟಿಗೆ ನನ್ನ ಕೈಯನ್ನೇ ಹಾಕಿ ಇನ್ನೊಂದನ್ನು ತೆಗೆದುಕೊಂಡೆ.